ಆನ್ ಆಗ್ತಿಲ್ಲ ಅಂದ್ರೆ, ಎಲ್ಲಿಗೆ ಬಂದು ನಿಂತಿದೆ?

"ಕಂಪ್ಯೂಟರ್ ಆನೇ ಆಗ್ತಿಲ್ಲ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಬಟನ್ ಒತ್ತಿದಾಗ ಏನೇನಾಗುತ್ತೆ ಅಂತ. "ಏನೂ ಆಗಲ್ಲ" ಅನ್ನುತ್ತಾರೆ. ಫ್ಯಾನ್ ತಿರುಗುತ್ತಾ? "ಹೂಂ, ತಿರುಗುತ್ತೆ." ಮಾನಿಟರಿನಲ್ಲಿ ಲೋಗೋ ಬರುತ್ತಾ? "ಬರುತ್ತೆ, ಆಮೇಲೆ ಕಪ್ಪಾಗಿ ನಿಂತುಬಿಡುತ್ತೆ." ಅಂದರೆ ಆ ಯಂತ್ರ ಮುಕ್ಕಾಲು ದಾರಿ ಬಂದಿದೆ. ರಿಪೇರಿಯೂ ಅಲ್ಲಿಂದಲೇ ಶುರುವಾಗಬೇಕು.

ಬಟನ್ ಒತ್ತಿದ ಮೇಲೆ ನಡೆಯುವ ಕೆಲಸಕ್ಕೆ ಒಂದು ಕ್ರಮ ಇದೆ. ಮದರ್‌ಬೋರ್ಡ್ (ಎಲ್ಲ ಭಾಗ ಸೇರುವ ಮುಖ್ಯ ಬೋರ್ಡ್) ಕೇಳಿದ ಕೂಡಲೇ ಎಸ್‌ಎಂಪಿಎಸ್, ಅಂದರೆ ಎಲ್ಲಕ್ಕೂ ಪವರ್ ಕೊಡುವ ಡಬ್ಬಿ, ಎದ್ದೇಳುತ್ತದೆ. ತನ್ನ ವೋಲ್ಟೇಜ್‌ಗಳು ಸ್ಥಿರವಾದ ಮೇಲೆ "ಪವರ್ ಸರಿಯಿದೆ" ಎಂಬ ಸಿಗ್ನಲ್ ಕೊಡುತ್ತದೆ. ಆಗ ಪ್ರೊಸೆಸರ್ ಬಯೋಸ್, ಅಂದರೆ ಬೋರ್ಡಿನಲ್ಲೇ ಇರುವ ಶುರುವಿನ ಪ್ರೋಗ್ರಾಂ, ಓದಲು ಶುರು ಮಾಡುತ್ತದೆ. ಬಯೋಸ್ ರ‍್ಯಾಮ್ (ಮೆಮೊರಿ) ಮತ್ತು ಡಿಸ್‌ಪ್ಲೇ ಪರೀಕ್ಷಿಸುತ್ತದೆ, ಇದಕ್ಕೇ ಪೋಸ್ಟ್ ಅನ್ನುವುದು. ಅದು ಮುಗಿದ ಮೇಲೆ ಡಿಸ್ಕ್ ಹುಡುಕುತ್ತದೆ, ಡಿಸ್ಕಿನಲ್ಲಿರುವ ವಿಂಡೋಸ್ ಅಥವಾ ಲಿನಕ್ಸ್‌ಗೆ ಕೆಲಸ ಒಪ್ಪಿಸುತ್ತದೆ. ಪರದೆ ಮೇಲೆ ಒಂದು ಸಾಲು ಅಕ್ಷರ ಮೂಡಿದೆ ಅಂದರೆ ಎಸ್‌ಎಂಪಿಎಸ್, ಪ್ರೊಸೆಸರ್, ರ‍್ಯಾಮ್ ಮಟ್ಟಿಗಾದರೂ ಕೆಲಸ ಮಾಡುತ್ತಿವೆ. "ಬೂಟ್ ಡಿವೈಸ್ ಸಿಗಲಿಲ್ಲ", ಅಂದರೆ ಶುರುಮಾಡಲು ಡಿಸ್ಕ್ ಇಲ್ಲ, ಅಂತ ಮೆಸೇಜ್ ಬಂದಾಗ ರ‍್ಯಾಮ್ ಕಿತ್ತು ಉಜ್ಜುತ್ತಾ ಕೂತರೆ ಏನು ಪ್ರಯೋಜನ?

ಇನ್ನೊಂದು ಪ್ರಶ್ನೆಯೂ ಮುಖ್ಯ: ನಿನ್ನೆ ತನಕ ಚೆನ್ನಾಗಿತ್ತಾ, ಅಥವಾ ಈಗಷ್ಟೇ ಜೋಡಿಸಿದ್ದಾ? ಹೊಸದಾಗಿ ಜೋಡಿಸಿದ್ದಾದರೆ ಏನೋ ಸಿಕ್ಕಿಸುವುದು ಬಿಟ್ಟುಹೋಗಿರುವ ಸಾಧ್ಯತೆಯೇ ಜಾಸ್ತಿ. ಪ್ರೊಸೆಸರ್ ಪಕ್ಕದ 8 ಪಿನ್‌ನ ಪವರ್ ಕನೆಕ್ಟರ್ ಮರೆತವರು ಎಷ್ಟೋ ಜನ. 24 ಪಿನ್‌ನ ದೊಡ್ಡದು ಹಾಕಿದ್ದೀವಲ್ಲ, ಸಾಕು ಅಂದುಕೊಳ್ಳುತ್ತಾರೆ. ಫ್ಯಾನ್ ತಿರುಗುತ್ತೆ, ಪ್ರೊಸೆಸರ್‌ಗೆ ಮಾತ್ರ ಪವರ್ ಹೋಗಲ್ಲ. ನಿನ್ನೆ ತನಕ ಸರಿಯಿದ್ದ ಯಂತ್ರವಾದರೆ, ಮಧ್ಯೆ ಏನಾಯಿತು ಕೇಳಿ: ಜಾಗ ಬದಲಾಯಿಸಿದ್ರಾ, ಧೂಳು ಹೊಡೆದ್ರಾ, ಕರೆಂಟ್ ಹೋಗಿ ಬಂತಾ, ಅಪ್‌ಡೇಟ್ ಆಗುವಾಗ ಆಫ್ ಮಾಡಿದ್ರಾ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ನಿಜವಾಗಿಯೂ ಏನೂ ಆಗದಿದ್ದರೆ ಹೊರಗಿನಿಂದ ಒಳಗೆ ಬನ್ನಿ. ಅದೇ ಪ್ಲಗ್ಗಿಗೆ ಬೇರೆ ಏನಾದರೂ ಹಾಕಿ ನೋಡಿ. ಎಸ್‌ಎಂಪಿಎಸ್ ಹಿಂಭಾಗದ ಪುಟ್ಟ ಸ್ವಿಚ್ ಆಫ್ ಆಗಿದೆಯಾ ನೋಡಿ, ಗುಡಿಸುವಾಗ ಕೈ ತಗುಲಿ ಆಫ್ ಆಗಿರುವುದುಂಟು. ವೈರ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಹಾಕಿ. ಉಳಿದ ಚಾರ್ಜ್ ಖಾಲಿಯಾಗಿ ಕೆಲವೊಮ್ಮೆ ಇಷ್ಟಕ್ಕೇ ಸರಿಹೋಗುತ್ತದೆ.

ಹಲವು ಬೋರ್ಡ್‌ಗಳಲ್ಲಿ ವೈರ್ ಹಾಕಿದ ಕೂಡಲೇ ಒಂದು ಲೈಟ್ ಉರಿಯುತ್ತದೆ. ಯಂತ್ರ ಆಫ್ ಇದ್ದಾಗಲೂ ಎಸ್‌ಎಂಪಿಎಸ್ ಕೊಡುವ 5 ವೋಲ್ಟ್ ಅದು. ಆ ಲೈಟ್ ಇದೆ, ಬಟನ್‌ಗೆ ಮಾತ್ರ ಉತ್ತರ ಇಲ್ಲ ಅಂದರೆ ನನ್ನ ಅನುಮಾನ ಬಟನ್ ಮೇಲೇ. ಕ್ಯಾಬಿನೆಟ್‌ನಿಂದ ಬಂದ ಪವರ್ ಸ್ವಿಚ್ ವೈರ್ ಬೋರ್ಡಿನ ಮೂಲೆಯಲ್ಲಿ ಎರಡು ಪಿನ್‌ಗೆ ಸೇರಿರುತ್ತದೆ. ಅದನ್ನು ಕಿತ್ತು, ಆ ಎರಡೇ ಪಿನ್‌ಗೆ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ತಾಗಿಸಿ. ಬೇರೆ ಪಿನ್‌ಗೆ ತಾಗಬಾರದು, ಬೋರ್ಡಿನ ಪುಸ್ತಕ ನೋಡಿಯೇ ಮಾಡಿ. ಯಂತ್ರ ಎದ್ದರೆ ಕೆಟ್ಟಿರುವುದು ಸ್ವಿಚ್ ಅಷ್ಟೇ. ರಿಸೆಟ್ ಬಟನ್ನಿನ ವೈರನ್ನು ಪವರ್ ಪಿನ್‌ಗೆ ಹಾಕಿಬಿಡಿ, ಮುಂದೆ ರಿಸೆಟ್ಟೇ ನಿಮ್ಮ ಪವರ್ ಬಟನ್.

ಎಸ್‌ಎಂಪಿಎಸ್ ಪರೀಕ್ಷೆಗೆ 24 ಪಿನ್ ಕನೆಕ್ಟರಿನ ಹಸಿರು ವೈರನ್ನು ಕಪ್ಪಿಗೆ ಸೇರಿಸಿ, ಬೋರ್ಡ್ ಇಲ್ಲದೆಯೇ ಅದನ್ನು ಆನ್ ಮಾಡುವ ಉಪಾಯ ನಮ್ಮ ಕೆಲಸದವರಿಗೆಲ್ಲ ಗೊತ್ತು. ಅದರಿಂದ ಗೊತ್ತಾಗುವುದು ಅದು ಎದ್ದೇಳುತ್ತದೆ ಅಂತ ಮಾತ್ರ, ಭಾರ ಹೊರುತ್ತದೆ ಅಂತಲ್ಲ. ಖಾಲಿ ಇದ್ದಾಗ ಫ್ಯಾನ್ ತಿರುಗಿಸಿ, ಗ್ರಾಫಿಕ್ಸ್ ಕಾರ್ಡ್ ಹಾಕಿದ ಕೂಡಲೇ ಮಲಗುವ ಎಸ್‌ಎಂಪಿಎಸ್‌ಗಳಿವೆ. ಮಲ್ಟಿಮೀಟರ್ ಇದ್ದರೆ ಯಂತ್ರ ಓಡುವಾಗ ಹಳದಿ ವೈರಿನಲ್ಲಿ 11.4ರಿಂದ 12.6 ವೋಲ್ಟ್ ಒಳಗೆ ಇರಬೇಕು. ಚೆನ್ನಾಗಿರುವ ಇನ್ನೊಂದನ್ನು ಹಾಕಿ ನೋಡುವುದು ಅದಕ್ಕಿಂತ ಒಳ್ಳೆಯ ಪರೀಕ್ಷೆ. ಬದಲಾಯಿಸುವಾಗ ಹಳೆಯದರ ಕೇಬಲ್‌ಗಳನ್ನು ಹೊಸದಕ್ಕೆ ಸಿಕ್ಕಿಸಬೇಡಿ. ಎಸ್‌ಎಂಪಿಎಸ್ ಕಡೆಯ ಕನೆಕ್ಟರ್ ನೋಡಲು ಒಂದೇ ಥರ ಇದ್ದರೂ ಒಳಗೆ ಯಾವ ಪಿನ್‌ಗೆ ಯಾವ ವೋಲ್ಟ್ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಹೀಗೆ ಮಾಡಿ ಒಳ್ಳೆಯ ಹಾರ್ಡ್ ಡಿಸ್ಕ್ ಸುಟ್ಟುಕೊಂಡವರಿದ್ದಾರೆ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಬಿಚ್ಚಲೇಬೇಡಿ. ವೈರ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು.

ಆನ್ ಆಗಿ ಸ್ವಲ್ಪ ಹೊತ್ತಿಗೇ ತಾನಾಗಿ ಆಫ್ ಆಗುತ್ತಿದ್ದರೆ ಯುಎಸ್‌ಬಿ ಪೋರ್ಟ್‌ಗಳ ಒಳಗೆ ಟಾರ್ಚ್ ಬಿಟ್ಟು ನೋಡಿ. ಒಂದು ಪಿನ್ ಬಾಗಿ ಲೋಹಕ್ಕೆ ತಾಗಿದ್ದರೂ ಕೆಲವು ಬೋರ್ಡ್‌ಗಳು 15 ಸೆಕೆಂಡಿನಲ್ಲಿ ಆಫ್ ಆಗುತ್ತೇನೆ ಅಂತ ಹೇಳಿ ಆಫ್ ಆಗುತ್ತವೆ. ಇಂಥದ್ದಕ್ಕೆ ಹೊಸ ಮದರ್‌ಬೋರ್ಡ್ ತಂದವರೂ ಇದ್ದಾರೆ.

ಫ್ಯಾನ್ ತಿರುಗುತ್ತೆ, ಪರದೆ ಮಾತ್ರ ಕಪ್ಪು. ಹೆಚ್ಚು ಹೊತ್ತು ತಿನ್ನುವುದು ಇದೇ ಹಂತ. ಮೊದಲು ಮಾನಿಟರ್ ಕೇಬಲ್ ಎಲ್ಲಿಗೆ ಹೋಗಿದೆ ನೋಡಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಕಾರ್ಡಿಗೇ ಹೋಗಬೇಕು, ಬೋರ್ಡಿನ ಪೋರ್ಟಿಗಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಇರುವುದೇ ಇಲ್ಲ. ಬೋರ್ಡಿನಲ್ಲಿ ಎಚ್‌ಡಿಎಂಐ ಪೋರ್ಟ್ ಇದ್ದರೂ ಅಲ್ಲಿ ಚಿತ್ರ ಬರಲ್ಲ.

ಆಮೇಲೆ ರ‍್ಯಾಮ್. ವೈರ್ ಕಿತ್ತು, ಲೋಹದ ಕ್ಯಾಬಿನೆಟ್ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಂಡು, ಎಲ್ಲ ರ‍್ಯಾಮ್ ತೆಗೆದುಬಿಡಿ. ಒಂದನ್ನೇ ಹಾಕಿ. ನಾಲ್ಕು ಸ್ಲಾಟ್ ಇರುವ ಬಹುಪಾಲು ಬೋರ್ಡ್‌ಗಳಲ್ಲಿ ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೆಯದು ಒಂಟಿ ರ‍್ಯಾಮಿನ ಜಾಗ. ಕಚ್ಚು ಸರಿಯಾಗಿ ಕೂರುವಂತೆ ಇಟ್ಟು ಎರಡೂ ತುದಿಗೆ ಹೆಬ್ಬೆರಳಿಟ್ಟು ಒತ್ತಿ. ಟಕ್ ಅಂತ ಕ್ಲಿಪ್ ತಾನಾಗಿ ಮುಚ್ಚಬೇಕು. ಒಂದೇ ಕಡೆ ಕ್ಲಿಪ್ ಇರುವ ಬೋರ್ಡ್‌ಗಳು ಇಲ್ಲಿ ಮೋಸ ಮಾಡುತ್ತವೆ: ಕ್ಲಿಪ್ ಇಲ್ಲದ ತುದಿ ಕೂತ ಹಾಗೆ ಕಾಣುತ್ತದೆ, ಕೂತಿರುವುದಿಲ್ಲ. ಬಗ್ಗಿ ಪಕ್ಕದಿಂದ ನೋಡಿ. ಹೊಂಬಣ್ಣದ ಪಟ್ಟಿ ಒಂದು ತುದಿಯಲ್ಲಿ ಜಾಸ್ತಿ ಕಾಣುತ್ತಿದ್ದರೆ ಇನ್ನೂ ಒತ್ತಬೇಕು. ರಬ್ಬರಿನಿಂದ ಉಜ್ಜುವುದು ನಮ್ಮ ಕೆಲಸದವರ ಹಳೇ ಚಾಳಿ. ಬಹಳ ಸಲ ಗುಣ ಕೊಟ್ಟಿದ್ದು ಕಿತ್ತು ಮತ್ತೆ ಹಾಕಿದ್ದೇ, ಹೆಸರು ಬಂದದ್ದು ರಬ್ಬರಿಗೆ. ರಬ್ಬರಿನ ಚೂರು ಸ್ಲಾಟ್ ಸೇರಿದರೆ ಇನ್ನೊಂದು ತಲೆನೋವು. ಕೊಳೆ ಇದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆ ಬಟ್ಟೆ ಸಾಕು.

ಈಗಿನ ಅನೇಕ ಬೋರ್ಡ್‌ಗಳಲ್ಲಿ ಸಿಪಿಯು (ಪ್ರೊಸೆಸರ್), ಡಿರ‍್ಯಾಮ್ (ರ‍್ಯಾಮ್), ವಿಜಿಎ (ಡಿಸ್‌ಪ್ಲೇ), ಬೂಟ್ (ಡಿಸ್ಕ್) ಅಂತ ನಾಲ್ಕು ಪುಟ್ಟ ಲೈಟ್ ಇರುತ್ತವೆ. ಯಾವುದು ಆರದೆ ನಿಂತಿದೆಯೋ ಕೆಲಸ ಅಲ್ಲೇ ನಿಂತಿದೆ. ಪಾಪ, ಅದು ಹೇಳುತ್ತಲೇ ಇರುತ್ತದೆ, ಕ್ಯಾಬಿನೆಟ್ ಬಿಚ್ಚಿ ನೋಡುವವರು ಕಡಿಮೆ. ಹಳೆಯ ಬೋರ್ಡ್ ಆದರೆ ಬೀಪ್ ಎಣಿಸಿ, ಆದರೆ ಅರ್ಥವನ್ನು ಬೋರ್ಡಿನ ಪುಸ್ತಕದಲ್ಲೇ ನೋಡಿ. ಒಂದೊಂದು ಬಯೋಸ್‌ನ ಬೀಪಿಗೆ ಒಂದೊಂದು ಅರ್ಥ.

ಡಿಡಿಆರ್5 ಎಂಬ ಈಗಿನ ಪೀಳಿಗೆಯ ರ‍್ಯಾಮ್ ಹೊಸದಾಗಿ ಹಾಕಿದ್ದರೆ ಅಥವಾ ಬಯೋಸ್ ರಿಸೆಟ್ ಮಾಡಿದ್ದರೆ ತಾಳ್ಮೆ ಬೇಕು. ಮೊದಲ ಸಲ ಅದು ರ‍್ಯಾಮಿನ ವೇಗ ಹೊಂದಿಸಿಕೊಳ್ಳುತ್ತದೆ. ಕೆಲವು ನಿಮಿಷ ಪರದೆ ಕಪ್ಪಾಗೇ ಇರಬಹುದು. ಗಾಬರಿಬಿದ್ದು ಆಫ್ ಮಾಡಿದರೆ ಮತ್ತೆ ಮೊದಲಿಂದ.

ಇಷ್ಟಕ್ಕೂ ಜಗ್ಗದಿದ್ದರೆ ಎಲ್ಲ ಕಳಚಿ. ಬೋರ್ಡ್, ಪ್ರೊಸೆಸರ್, ಅದರ ಕೂಲರ್, ಒಂದು ರ‍್ಯಾಮ್, ಎಸ್‌ಎಂಪಿಎಸ್, ಡಿಸ್‌ಪ್ಲೇಗೆ ಬೇಕಾದ್ದು. ಮಿಕ್ಕಿದ್ದೆಲ್ಲ ಹೊರಗೆ, ಬೋರ್ಡ್ ರಟ್ಟಿನ ಡಬ್ಬಿ ಮೇಲೆ. ಎದ್ದರೆ ಒಂದೊಂದೇ ವಾಪಸ್ ಹಾಕುತ್ತಾ ಬನ್ನಿ. ಯಾವುದು ಹಾಕಿದಾಗ ನಿಲ್ಲುತ್ತದೋ ಅದೇ ಕಳ್ಳ. ಕ್ಯಾಬಿನೆಟ್ ಹೊರಗೆ ಓಡಿ ಒಳಗೆ ಓಡದಿದ್ದರೆ ಬೋರ್ಡಿನ ಹಿಂದೆ ಬಿದ್ದ ಸ್ಕ್ರೂ ಹುಡುಕಿ.

ಲೋಗೋ ಬಂದು "ಬೂಟ್ ಡಿವೈಸ್ ಇಲ್ಲ" ಅಂದರೆ ಮೊದಲು ಪೆನ್ ಡ್ರೈವ್ ಕಿತ್ತು ನೋಡಿ. ಆಮೇಲೆ ಬಯೋಸ್‌ಗೆ ಹೋಗಿ ಡಿಸ್ಕ್ ಕಾಣುತ್ತಾ ನೋಡಿ. ಕಾಣದಿದ್ದರೆ ಕೇಬಲ್, ಅಥವಾ ಎಂ.2 (ಬೋರ್ಡಿಗೇ ಸಿಕ್ಕಿಸುವ ಚಪ್ಪಟೆ ಡಿಸ್ಕ್) ಆದರೆ ಅದು ಕೂತಿರುವ ರೀತಿ. ಕಂಡರೆ ಸೆಟ್ಟಿಂಗ್. ಬೋರ್ಡಿನ ಗುಂಡು ಸೆಲ್ ಸತ್ತಾಗ, ಅಥವಾ ಯಾರೋ ರಿಸೆಟ್ ಮಾಡಿದಾಗ, ಬೂಟ್ ಕ್ರಮ (ಯಾವ ಡಿಸ್ಕನ್ನು ಮೊದಲು ನೋಡಬೇಕು ಎನ್ನುವುದು) ಬದಲಾಗಬಹುದು. ಬೋರ್ಡ್ ಡಿಸ್ಕಿನ ಜೊತೆ ಮಾತಾಡುವ ರೀತಿ, ಅಂದರೆ ಎಎಚ್‌ಸಿಐ, ರೇಡ್ ಸೆಟ್ಟಿಂಗ್ ಕೂಡ ಅದಲುಬದಲಾಗಬಹುದು. ಆಗ ವಿಂಡೋಸ್ ನೀಲಿ ಪರದೆ ತೋರಿಸಿ "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಅನ್ನುತ್ತದೆ. ಮೊದಲಿದ್ದ ಸೆಟ್ಟಿಂಗ್‌ಗೆ ತಿರುಗಿಸಿದರೆ ಮುಗಿಯಿತು. ಇದಕ್ಕೆ ಫಾರ್ಮ್ಯಾಟ್ ಮಾಡಿಸಿಕೊಂಡು ಫೋಟೋ ಎಲ್ಲ ಕಳೆದುಕೊಳ್ಳುವವರನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಸೆಲ್ ಸಿಆರ್2032, 3 ವೋಲ್ಟಿನದು. ಗಡಿಯಾರ ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದರೆ ಬದಲಾಯಿಸಿ.

ಬಯೋಸ್ ರಿಸೆಟ್ ಮಾಡುವ ಮೊದಲು, ಬೋರ್ಡ್ ಬದಲಾಯಿಸುವ ಮೊದಲು, ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಹಾಕಿದೆಯಾ ಕೇಳಿ ತಿಳಿದುಕೊಳ್ಳಿ. ಹಾಕಿದ್ದರೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಬಹಳ ಸಲ ಅದು ಬಳಕೆದಾರರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಕೀ ಇಲ್ಲದಿದ್ದರೆ ಡೇಟಾ ತೆಗೆಯಲು ಆಗಲ್ಲ.

ವಿಂಡೋಸ್ ಶುರುವಾಗಿ ಸುತ್ತುತ್ತಾ ಕೂತರೆ, ಶುರುವಾಗುವಾಗಲೇ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು ಮೂರು ಸಲ ಹೀಗಾದರೆ ರಿಕವರಿ ಪರದೆ ತಾನಾಗಿ ಬರುತ್ತದೆ. ಅಲ್ಲಿ ಸ್ಟಾರ್ಟಪ್ ರಿಪೇರಿ, ಕೊನೆಯ ಅಪ್‌ಡೇಟ್ ತೆಗೆಯುವುದು, ಸೇಫ್ ಮೋಡ್ (ತೀರಾ ಬೇಕಾದ್ದನ್ನು ಮಾತ್ರ ಇಟ್ಟು ವಿಂಡೋಸ್ ಶುರುಮಾಡುವುದು), ಈ ಕ್ರಮದಲ್ಲಿ ನೋಡಿ.

ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡುತ್ತಿದ್ದರೆ ಮಾತ್ರ ರಿಪೇರಿಯನ್ನು ಅಲ್ಲಿಗೇ ನಿಲ್ಲಿಸಿ. ಚೆಕ್ ಡಿಸ್ಕ್ (ಡಿಸ್ಕ್ ಪರೀಕ್ಷಿಸುವ ವಿಂಡೋಸ್ ಪ್ರೋಗ್ರಾಂ) ಓಡಿಸಬೇಡಿ, ಮತ್ತೆ ಮತ್ತೆ ಆನ್ ಮಾಡಬೇಡಿ. ಒಂದೊಂದು ಸಲ ತಿರುಗಿದಾಗಲೂ ಒಳಗೆ ಹಾಳಾಗುವುದು ಹೆಚ್ಚಬಹುದು. ಡೇಟಾ ಬೆಲೆಬಾಳುವಂಥದ್ದಾದರೆ ಡಿಸ್ಕ್ ತೆಗೆದು ಡೇಟಾ ರಿಕವರಿಯವರಿಗೆ ಹಾಗೇ ಕೊಡಿ. ಸದ್ದಿಲ್ಲ, ಬರೀ ನಿಧಾನ ಅಂದರೆ ಇನ್ನೊಂದು ಯಂತ್ರಕ್ಕೆ ಎರಡನೇ ಡಿಸ್ಕ್ ಆಗಿ ಹಾಕಿ, ಮುಖ್ಯವಾದ ಫೋಲ್ಡರ್ ಮೊದಲು ಕಾಪಿ ಮಾಡಿಕೊಳ್ಳಿ. ವಿಂಡೋಸ್ ಆಮೇಲೆ ಹಾಕಿದರಾಯಿತು, ಅದೂ ಹೊಸ ಡಿಸ್ಕಿಗೆ.