ಮುನ್ನೂರು ಸಾಲಿನ ಲೆಕ್ಕಕ್ಕೆ ಲ್ಯಾಪ್‌ಟಾಪ್ ಏಕೆ ಸುಸ್ತಾಯಿತು?

ಅತ್ತಿಗೆ ತಮ್ಮ ಸ್ವಸಹಾಯ ಸಂಘದ ಲೆಕ್ಕವನ್ನು ಒಂದು ಪುಟ್ಟ ಲ್ಯಾಪ್‌ಟಾಪಿನಲ್ಲಿ ಬರೆಯುತ್ತಾರೆ. ತೂಕ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ, ರ‍್ಯಾಮ್ 4 ಜಿಬಿ. ಅದಕ್ಕೆ ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ತಂತ್ರಾಂಶ ಹಾಕಿಕೊಟ್ಟವನು ನಾನೇ. ಆದರೆ ಸಂಘದ ಹಳೆಯ ಎಕ್ಸೆಲ್ ಫೈಲು ತೆರೆದರೆ ಸಾಕು, ಪರದೆ ಹಾಗೇ ನಿಂತುಬಿಡುತ್ತಿತ್ತು. ಅದರಲ್ಲಿದ್ದದ್ದು ಬರೀ ಮುನ್ನೂರು ಸಾಲು. "ಈ ಮಿಷನ್ ಸಾಲಲ್ಲ ಕಣಪ್ಪ" ಅಂದರು ಅತ್ತಿಗೆ.

ನನಗೆ ನಂಬಿಕೆ ಬರಲಿಲ್ಲ. ಸ್ಪ್ರೆಡ್‌ಶೀಟ್ (ಎಕ್ಸೆಲ್ ಥರದ ಲೆಕ್ಕದ ಹಾಳೆ) ಮನೆಮಾತಾದದ್ದೇ ಸಣ್ಣ ಕಂಪ್ಯೂಟರಿನಲ್ಲಿ. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಮಾಡಿದ ವಿಸಿಕ್ಯಾಲ್ಕ್ 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂತು. ಅದಕ್ಕೆ 32 ಕೆಬಿ ಮೆಮೊರಿ (ರ‍್ಯಾಮ್) ಸಾಕಾಗಿತ್ತು. 4 ಜಿಬಿ ಅಂದರೆ ಅದರ ಲಕ್ಷಪಟ್ಟಿಗೂ ಹೆಚ್ಚು! ಆದರೆ ವಿಸಿಕ್ಯಾಲ್ಕ್ ಹಾಳೆಯಲ್ಲಿ ಇದ್ದದ್ದು 254 ಸಾಲು, 63 ಕಾಲಂ ಅಷ್ಟೇ. ಈಗಿನ ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲುಗಳಿವೆ. ಖಾಲಿ ಮನೆಗಳು (ಸೆಲ್ಲುಗಳು) ಜಾಗ ತಿನ್ನುವುದಿಲ್ಲ, ಆದ್ದರಿಂದ ಅದು ತೊಂದರೆಯಲ್ಲ. ತುಂಬಿದರೆ ಮಾತ್ರ ಕಷ್ಟ.

ಫೈಲು ಹೇಗೋ ತೆರೆದ ಮೇಲೆ ಕಂಟ್ರೋಲ್ ಮತ್ತು ಎಂಡ್ ಕೀಲಿ ಒಟ್ಟಿಗೆ ಒತ್ತಿದೆ. ಬಳಸಿದ ಕೊನೆಯ ಸಾಲಿಗೆ ಅದು ಕರೆದೊಯ್ಯುತ್ತದೆ. ಮುನ್ನೂರಕ್ಕೆ ನಿಲ್ಲಲಿಲ್ಲ, ನೇರ ಹತ್ತು ಲಕ್ಷ ದಾಟಿ ಹಾಳೆಯ ತಳಕ್ಕೇ ಹೋಯಿತು. 'ಬಾಕಿ' ಕಾಲಮ್ಮಿನ ಸೂತ್ರವನ್ನು ಯಾರೋ, ಮುಂದೆ ಬೇಕಾಗುತ್ತೆ ಅಂತ, ಕೊನೆಯವರೆಗೂ ಎಳೆದಿದ್ದರು.

ಅದು ಎಂಥ ಸೂತ್ರ ನೋಡಿ. ಹಿಂದಿನ ಸಾಲಿನ ಬಾಕಿಗೆ ಜಮಾ ಸೇರಿಸು, ಖರ್ಚು ಕಳೆ. ಅಂದರೆ ಪ್ರತಿ ಮನೆಯೂ ಮೇಲಿನ ಮನೆಯನ್ನು ಕೇಳಬೇಕು. ಯಾವ ಮನೆ ಯಾವುದನ್ನು ನೆಚ್ಚಿಕೊಂಡಿದೆ ಎಂಬುದನ್ನು ಸ್ಪ್ರೆಡ್‌ಶೀಟ್ ಗುರುತಿಟ್ಟುಕೊಳ್ಳುತ್ತದೆ. ಒಂದು ಅಂಕಿ ಬದಲಾದರೆ ಅದನ್ನು ನೆಚ್ಚಿಕೊಂಡವನ್ನು ಮಾತ್ರ ಮತ್ತೆ ಲೆಕ್ಕ ಹಾಕುತ್ತದೆ. ಎಷ್ಟು ಜಾಣತನ ಅಲ್ವಾ? ಆದರೆ ಇಲ್ಲಿ ಎರಡನೇ ಸಾಲು ತಿದ್ದಿದರೆ ಕೆಳಗಿನ ಹತ್ತು ಲಕ್ಷವೂ ಒಂದರ ಹಿಂದೊಂದು ಏಳಬೇಕು.

ಮೆಮೊರಿಯ ಕಥೆ ಬೇರೆ. ಒಂದು ಸಂಖ್ಯೆಗೆ 8 ಬೈಟ್ ಸಾಕು. ಸೂತ್ರಕ್ಕೆ ಹಾಗಲ್ಲ: ಉತ್ತರ, ಸೂತ್ರ, ನಂಟು ಎಲ್ಲವನ್ನೂ ಇಡಬೇಕು. ಎಕ್ಸ್‌ಎಲ್‌ಎಸ್‌ಎಕ್ಸ್ (ಈಗಿನ ಎಕ್ಸೆಲ್) ಫೈಲು ನಿಜಕ್ಕೂ ಒಂದು ಜಿಪ್ ಗಂಟು, ಒತ್ತಿ ಚಿಕ್ಕದು ಮಾಡಿದ್ದು. ಬಿಚ್ಚಿದಾಗ ಎಷ್ಟೋ ಪಟ್ಟು ಹಿಗ್ಗುತ್ತದೆ. ರ‍್ಯಾಮ್ ಸಾಲದಿದ್ದರೆ ಕಂಪ್ಯೂಟರ್ ಕೆಲವನ್ನು ಡಿಸ್ಕಿಗೆ ಇಳಿಸಿ, ಬೇಕಾದಾಗ ಮತ್ತೆ ಎತ್ತಿಕೊಳ್ಳುತ್ತದೆ. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಸಲ ಡಿಸ್ಕಿನ ಜಾಗದಲ್ಲಿ ಇಎಂಎಂಸಿ ಎಂಬ ಸಂಗ್ರಹದ ಚಿಪ್ ಇರುತ್ತದೆ. ಅದು ಒಳ್ಳೆಯ ಎಸ್‌ಎಸ್‌ಡಿಗಿಂತ ನಿಧಾನ. ಈ ಇಳಿಸು-ಏರಿಸುವಿಕೆಯಲ್ಲೇ ಪರದೆ ನಿಂತುಬಿಡುತ್ತದೆ.

ಐನೂರನೇ ಸಾಲಿನ ಕೆಳಗಿನದ್ದನ್ನೆಲ್ಲ ಅಳಿಸಿ, ಸೇವ್ ಮಾಡಿ, ಮತ್ತೆ ತೆರೆದೆ. ನಿಜಕ್ಕೂ ದೊಡ್ಡ ಹಾಳೆಯಾಗಿದ್ದರೆ 'ಡೇಟಾ' ಮೆನುವಿನಲ್ಲಿ ತಾನಾಗಿ ಲೆಕ್ಕ ಹಾಕುವುದನ್ನು ನಿಲ್ಲಿಸಿ, ಬೇಕಾದಾಗ ಎಫ್9 ಒತ್ತಬಹುದಿತ್ತು. ನಮಗೆ ಅದು ಬೇಕಾಗಲಿಲ್ಲ. ಅತ್ತಿಗೆ ತಪ್ಪಾಗಿ ಬರೆದಿದ್ದ ಒಂದು ಕಂತನ್ನು ತಿದ್ದಿ ಎಂಟರ್ ಒತ್ತಿದರು. ಬೆರಳು ತೆಗೆಯುವಷ್ಟರಲ್ಲಿ ಕೆಳಗಿನ ಬಾಕಿಯೆಲ್ಲ ಬದಲಾಗಿತ್ತು.