ಸೂಜಿ ತಾಗಿದರೆ ಥೈರಾಯ್ಡ್ ಗಂಟು ಕೆರಳುತ್ತಾ?

ಪ್ರಶ್ನೆ: ಅಮ್ಮನ ಕತ್ತಿನ ಗಂಟಿಗೆ ಸೂಜಿ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಸೂಜಿ ತಾಗಿದರೆ ಕ್ಯಾನ್ಸರಿನ ಸ್ಟೆಮ್ ಸೆಲ್ ಎದ್ದು ಹರಡುತ್ತೆ ಅಂತಾರೆ. ನಿಜವಾ? (ಸೋಮವಾರಪೇಟೆಯ ಓದುಗರು)

ಉತ್ತರ: ಇಲ್ಲ. ಪರೀಕ್ಷೆ ಮಾಡಿಸಿ.

ಇದನ್ನು ಎಷ್ಟನೇ ಸಲ ಬರೆಯುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ಮೊದಲು ‘ಗಾಳಿ ತಾಗಿದರೆ ಹರಡುತ್ತೆ’ ಅಂತಿದ್ದರು. ಈಗ ಗಾಳಿಯ ಜಾಗಕ್ಕೆ ಸ್ಟೆಮ್ ಸೆಲ್ ಬಂದಿದೆ, ಅಷ್ಟೇ.

ಆ ಸೂಜಿ ರಕ್ತ ತೆಗೆಯೋ ಸೂಜಿಗಿಂತ ಸಣ್ಣದು. ಹೆಗಲ ಕೆಳಗೆ ದಿಂಬಿಟ್ಟು ಮಲಗಿಸಿ ‘ಎಂಜಲು ನುಂಗಬೇಡಿ’ ಅಂತಾರೆ. ನುಂಗಿದರೆ ಗಂಟು ಮೇಲೆ ಕೆಳಗೆ ಆಡುತ್ತೆ, ಅದಕ್ಕೆ. ಬಂದ ಹನಿಯನ್ನು ಗಾಜಿನ ಮೇಲೆ ಸವರಿದರೆ ಮುಗೀತು. ಸೂಜಿ ಹೋದ ದಾರಿಯಲ್ಲಿ ಥೈರಾಯ್ಡ್ ಕ್ಯಾನ್ಸರ್ ಬೆಳೆಯೋದು ತೀರಾ ಅಪರೂಪ. ಮತ್ತೆ ಈ ಮಾತು ಹುಟ್ಟಿದ್ದೆಲ್ಲಿ? ಗಂಟು ಕಂಡ ಮೇಲೂ ನಾವು ಹುತ್ತರಿ ಕಳೀಲಿ, ಕಾಫಿ ಕೊಯ್ಲು ಮುಗೀಲಿ ಅಂತ ವರ್ಷ ದೂಡುತ್ತೇವೆ. ಅಷ್ಟರಲ್ಲಿ ಹರಡಿರುತ್ತೆ. ಗೊತ್ತಾಗೋದು ಸೂಜಿ ಹಾಕಿದ ಮೇಲೆ. ತಪ್ಪು ಸೂಜಿಯ ತಲೆಗೆ! ಅಂದಹಾಗೆ, ಥೈರಾಯ್ಡ್ ಗಂಟುಗಳಲ್ಲಿ 10ಕ್ಕೆ ಸುಮಾರು 9 ಕ್ಯಾನ್ಸರೇ ಅಲ್ಲ.

ಇನ್ನು ಸ್ಟೆಮ್ ಸೆಲ್. ತೋಟದವರಿಗೆ ಹೇಳೋದು ಸುಲಭ. ಕಾಫಿ ಗಿಡ ಕಡಿದರೂ ಬೊಡ್ಡೆಯಿಂದ ಚಿಗುರು ಬರುತ್ತೆ, ಉದುರಿದ ಎಲೆಯಿಂದ ಬರಲ್ಲ. ಕ್ಯಾನ್ಸರ್ ಗೆಡ್ಡೆಯಲ್ಲೂ ಕೆಲವೇ ಕೋಶಗಳಿಗೆ ಆ ಬೊಡ್ಡೆಯ ಗುಣ, ಅಂದರೆ ಮತ್ತೆ ಚಿಗುರಿ ಗೆಡ್ಡೆ ಬೆಳೆಸೋ ಶಕ್ತಿ. ವಿಜ್ಞಾನಿಗಳು ಹುಷಾರಾಗಿ ‘ಸ್ಟೆಮ್ ಸೆಲ್ ಥರದ ಕೋಶ’ ಅಂತಾರೆ. ಖಚಿತವಾಗಿ ಪತ್ತೆ ಹಚ್ಚೋ ಒಂದೇ ಒಂದು ಗುರುತು ಇವಕ್ಕಿಲ್ಲ. ಮಾಮೂಲಿ ಕ್ಯಾನ್ಸರ್ ಕೋಶವೂ ಕೆಲವೊಮ್ಮೆ ಈ ಗುಣಕ್ಕೆ ತಿರುಗುತ್ತೆ. ನಿಜವಾದ ತಲೆನೋವು ಸೂಜಿಯಲ್ಲ, ಬೇರೆ. ಆಪರೇಷನ್ ಆದ ಮೇಲೆ ಅಗತ್ಯವಿದ್ದವರಿಗೆ ವಿಕಿರಣದ ಅಯೋಡಿನ್-131 ಕೊಡ್ತಾರೆ. ಉಳಿದ ಥೈರಾಯ್ಡ್ ಕೋಶಗಳು ಅದನ್ನು ಹೀರಿ ಸಾಯುತ್ತವೆ. ಈ ಬೊಡ್ಡೆ ಕೋಶಗಳು ಸರಿಯಾಗಿ ಹೀರೋದೇ ಇಲ್ಲ, ಹಾಗಾಗಿ ಉಳಿದುಬಿಡಬಹುದು. ಹಾಗಂತ ಹೆದರಬೇಡಿ, ಜಾಸ್ತಿ ಕಾಣೋ ಪ್ಯಾಪಿಲರಿ ಅನ್ನೋ ಜಾತಿಯ ಥೈರಾಯ್ಡ್ ಕ್ಯಾನ್ಸರಿನಲ್ಲಿ ಬಹುತೇಕರು ಗುಣವಾಗ್ತಾರೆ.

ಅಯೋಡಿನ್ ಅಂದಾಗ ನೆನಪಾಯ್ತು. ಈ ಚಿಕಿತ್ಸೆಗೆ ಮೊದಲು ಒಂದೆರಡು ವಾರ ಅಯೋಡಿನ್ ಉಪ್ಪು, ಸಮುದ್ರದ ಮೀನು ಬಿಡಿಸ್ತಾರೆ. ರೋಗಿಗೆ ಮಾತ್ರ! ನಮ್ಮ ಪಕ್ಕದ ಮನೆಯಲ್ಲಿ ಅತ್ತೆಗೆ ಹೇಳಿದ್ದನ್ನು ಇಡೀ ಮನೆ ಪಾಲಿಸಿತು. ಚಿಕಿತ್ಸೆ ಮುಗಿದರೂ ಪಂದಿಕರಿಗೆ ಬೀಳೋದು ಇನ್ನೂ ಅಯೋಡಿನ್ ಇಲ್ಲದ ಬರೀ ಕಲ್ಲುಪ್ಪು. ಸೊಸೆ ಬಸುರಿ ಬೇರೆ, ಅವಳಿಗೆ ಅಯೋಡಿನ್ ಜಾಸ್ತಿಯೇ ಬೇಕು. ನಮ್ಮಂಥ ಜಡಿಮಳೆಯ ಗುಡ್ಡಗಳಲ್ಲಿ ಮಣ್ಣಿನ ಅಯೋಡಿನ್ ತೊಳೆದು ಹೋಗುತ್ತೆ, ಸೊಪ್ಪು ತರಕಾರಿಯಿಂದ ಎಷ್ಟು ಸಿಕ್ಕೀತು? ಹೋದ ವಾರ ನಾನೇ ಒಂದು ಪ್ಯಾಕೆಟ್ ಅಯೋಡಿನ್ ಉಪ್ಪು ಕೊಟ್ಟು, ಡಬ್ಬಿ ಮುಚ್ಚಿಡಿ, ಒಲೆ ಪಕ್ಕ ಇಡಬೇಡಿ ಅಂತ ಹೇಳಿ ಬಂದೆ.