ಕಣಕ್ಕೆ ಜಾಗ: ಟೇಪು ಬೇಡ, ತಕ್ಕಡಿ ಸಾಕು

ಐದು ಗೋಧಿ ಹೊಲಗಳಿಗೆ ಒಂದೇ ಕಣ ಮಾಡಬೇಕೆಂದರೆ ಎಲ್ಲರೂ ಟೇಪು ಹಿಡಿದು ‘ನಟ್ಟನಡು’ ಹುಡುಕುತ್ತಾರೆ. ಎಡವುವುದು ಅಲ್ಲೇ. 1960ರ ದಶಕದ ಆರಂಭದಲ್ಲಿ ಚೀನಾದ ಗಣಿತಜ್ಞ ಹುವಾ ಲೊ-ಕೆಂಗ್ ಮತ್ತು ಸಂಗಡಿಗರು ಗೋಧಿ ಒಕ್ಕಣೆಗೆಂದು ಕೊಟ್ಟ ಉಪಾಯದಲ್ಲಿ ದಾರಿಯ ಉದ್ದ ಲೆಕ್ಕಕ್ಕೇ ಬರುವುದಿಲ್ಲ. ಷರತ್ತು ಒಂದೇ: ದಾರಿಗಳು ಕವಲೊಡೆಯಬಹುದು, ಸುತ್ತಿ ಬಂದು ಕೂಡಬಾರದು.

ಹೊಲಗಳಿಗೆ ಕ, ಖ, ಗ, ಘ, ಚ ಎಂದು ಹೆಸರಿಡಿ. ದಾರಿಗಳು: ಕ–ಖ 2 ಕಿ.ಮೀ., ಗ–ಖ 1, ಖ–ಘ 3, ಘ–ಚ 6. ಬೆಳೆ ಕ್ವಿಂಟಲ್‌ನಲ್ಲಿ: ಕ 30, ಖ 20, ಗ 10, ಘ 25, ಚ 15. ಒಟ್ಟು 100, ಅರ್ಧ 50. ತುದಿಯ ಹೊಲದ ತೂಕ ಅರ್ಧಕ್ಕಿಂತ ಕಡಿಮೆಯಿದ್ದರೆ ಅದನ್ನು ಪಕ್ಕದ್ದಕ್ಕೆ ಕೂಡಿಸಿ, ತುದಿಯನ್ನು ಅಳಿಸಿಬಿಡಿ. ‘ಚ’ದ 15 ಸೇರಿ ‘ಘ’ 40 ಆಯಿತು. ಸಾಲದು. ಆ 40 ಸೇರಿ ‘ಖ’ 60. ಅರ್ಧ ದಾಟಿತು, ಕಣ ಅಲ್ಲೇ. ಸಾಗಣೆ (ತೂಕವನ್ನು ದೂರದಿಂದ ಗುಣಿಸಿ ಕೂಡಿದ್ದು) 280 ಕ್ವಿಂಟಲ್-ಕಿ.ಮೀ.; ‘ಘ’ದಲ್ಲಿ ಮಾಡಿದ್ದರೆ 340.

ಯಾಕೆ? ಕಣವನ್ನು ‘ಖ’ದಿಂದ ‘ಘ’ದತ್ತ 1 ಕಿ.ಮೀ. ಸರಿಸಿ ನೋಡಿ. ಆಚೆಯ 40 ಕ್ವಿಂಟಲ್‌ಗೆ ಅಷ್ಟು ದೂರ ಉಳಿಯಿತು, ಈಚೆಯ 60ಕ್ಕೆ ಅಷ್ಟೇ ದೂರ ಹೆಚ್ಚಿತು. ನಷ್ಟ 20. ಇನ್ನು ಘ–ಚ ದಾರಿ 6ರ ಬದಲು 60 ಕಿ.ಮೀ. ಇದೆ ಎನ್ನಿ: ಸಾಗಣೆ ‘ಖ’ದಲ್ಲಿ 1090, ‘ಘ’ದಲ್ಲಿ 1150. ವ್ಯತ್ಯಾಸ ಮತ್ತೆ ಅದೇ 60! ಖರ್ಚು ಏರಿತು, ಕಣ ಮಾತ್ರ ಕದಲಲಿಲ್ಲ. ತೂಕ ಎರಡೂ ಕಡೆ ಸರಿಯಾಗಿ 50 ಆದರೆ ಆ ದಾರಿಯಲ್ಲಿ ಎಲ್ಲಿ ಮಾಡಿದರೂ ಒಂದೇ, ಜಗಳ ವ್ಯರ್ಥ. ಹೊಲವಿಲ್ಲದ ಕೂಡುರಸ್ತೆಯನ್ನೂ ಸೊನ್ನೆ ತೂಕದ ಬಿಂದುವಾಗಿ ಬರೆದುಕೊಳ್ಳಿ. ಬಿಟ್ಟರೆ ಸರಿಯಾದ ಜಾಗವೇ ನಕ್ಷೆಯಿಂದ ಮಾಯವಾಗಬಹುದು.

ಇಂಥ ಜಾಲಕ್ಕೆ ಎರಡು ಬಗೆಯ ನಡು ಉಂಟೆಂದು ಫ್ರಾನ್ಸಿನ ಗಣಿತಜ್ಞ ಕಾಮಿಯ್ ಜೋರ್ಡಾನ್ 1869ರಲ್ಲೇ ತೋರಿಸಿದ್ದರು, ಕಣ-ಗಿಣದ ಗೊಡವೆಯಿಲ್ಲದೆ. ಮೊದಲನೆಯದು ಮೇಲಿನ ತೂಕದ ನಡು, ಎರಡನೆಯದು ಆಂಬುಲೆನ್ಸ್‌ಗೆ ಬೇಕಾದದ್ದು. ಅಲ್ಲಿ ಒಟ್ಟು ಖರ್ಚಲ್ಲ, ಅತಿ ದೂರದವರ ಪಾಡು ಮುಖ್ಯ. ಯಾವುದೋ ಒಂದು ಬಿಂದುವಿನಿಂದ ಅತಿ ದೂರದ್ದಕ್ಕೆ ಹೋಗಿ, ಅಲ್ಲಿಂದ ಮತ್ತೆ ಅತಿ ದೂರದ್ದಕ್ಕೆ. ಈ ಎರಡನೆಯ ದಾರಿಯ ಮಧ್ಯಬಿಂದುವೇ ಜಾಗ. ಕ–ಚ 11 ಕಿ.ಮೀ., ಹಾಗಾಗಿ ಆಂಬುಲೆನ್ಸ್ ‘ಘ’ ದಾಟಿ ಅರ್ಧ ಕಿ.ಮೀ. ಆಚೆ. ಇಲ್ಲಿ ಟೇಪು ಬೇಕೇ ಬೇಕು: ಘ–ಚ 60 ಆದರೆ ಅದು 27 ಕಿ.ಮೀ. ಮುಂದೆ ಸರಿಯುತ್ತದೆ.

‘ಚ’ದಿಂದ ‘ಕ’ಗೆ ಒಂದು ಅಡ್ಡದಾರಿ ಹಾಕಿ, ತಕ್ಕಡಿಯ ಲೆಕ್ಕ ಕೈಕೊಡುತ್ತದೆ, ಸುತ್ತುದಾರಿಯಲ್ಲಿ ‘ಆಚೆ–ಈಚೆ’ ಎಂಬುದೇ ಇಲ್ಲ. ಆಗಲೂ ಕಣಕ್ಕೆ ಯಾವುದಾದರೊಂದು ಬಿಂದುವೇ (ಹೊಲ ಇಲ್ಲವೇ ಕೂಡುರಸ್ತೆ) ಸಾಕು, ದಾರಿಯ ನಡುವೆ ಹುಡುಕಬೇಕಿಲ್ಲ ಎಂದು ಸಂಶೋಧಕ ಹಕಿಮಿ 1964ರಲ್ಲಿ ಸಾಧಿಸಿದರು, ಆದರೆ ದೂರಗಳನ್ನೆಲ್ಲ ಅಳೆದು ಹೋಲಿಸಬೇಕು. ಹಲವು ಕಣಗಳನ್ನು ಒಟ್ಟಿಗೆ ಆರಿಸುವಾಗ ಸುತ್ತುದಾರಿಗಳ ಜಾಲದಲ್ಲಿ ಈ ಲೆಕ್ಕ ಎನ್‌ಪಿ-ಹಾರ್ಡ್ (ಬೇಗ ಬಿಡಿಸುವ ವಿಧಾನ ಯಾರಿಗೂ ಗೊತ್ತಿಲ್ಲದ ಬಗೆಯದು) ಎಂದು 1979ರಲ್ಲಿ ಸಂಶೋಧಕ ಕಾರಿವ್ ಮತ್ತು ಹಕಿಮಿ ತೋರಿಸಿದರು. ಸುತ್ತಿ ಬಂದು ಕೂಡದ, ಮರದ ಕೊಂಬೆಗಳಂಥ ಜಾಲಕ್ಕೆ ಅವರು ಕೊಟ್ಟ ವಿಧಾನದ ಹೆಜ್ಜೆಗಳು ಬೆಳೆಯುವುದು ಬಿಂದುಗಳ ಸಂಖ್ಯೆಯ ವರ್ಗವನ್ನು ಕಣಗಳ ಸಂಖ್ಯೆಯ ವರ್ಗದಿಂದ ಗುಣಿಸಿದಷ್ಟು ಮಾತ್ರ.